ಇಲಿ ಮೆದುಳಿನ ಎಂಆರ್‌ಐ: ತಪ್ಪು ಇದ್ದದ್ದು ಬಾಟಲಿಯಲ್ಲಿ

ಚಿತ್ರ ಬೆಳಗಲೆಂದು ಮ್ಯಾಂಗನೀಸ್ ಕ್ಲೋರೈಡ್ ಚುಚ್ಚಿ ಇಲಿಯ ಮೆದುಳಿನ ಸ್ಕ್ಯಾನ್ ಮಾಡುತ್ತಿದ್ದೆ. ಚಿತ್ರದಲ್ಲಿ ಹೊಳಪೇ ಇಲ್ಲ. ಡೋಸ್ ಏರಿಸಿದರೆ ಇಲಿ ರೋಮ ನಿಮಿರಿಸಿಕೊಂಡು ಮೂಲೆ ಸೇರುತ್ತಿತ್ತು, ಆಹಾರ ಮುಟ್ಟುತ್ತಿರಲಿಲ್ಲ.

ಎರಡು ವಾರ ಸುಮ್ನೆ ಸ್ಕ್ಯಾನರನ್ನು ಬೈದೆ. ಆಮೇಲೊಂದು ದಿನ ಬಾಟಲಿಯನ್ನು ಬೆಳಕಿಗೆ ಹಿಡಿದೆ. ತೆಳು ಮಜ್ಜಿಗೆಯ ಹಾಗೆ ಮಬ್ಬು, ತಳದಲ್ಲಿ ಪುಡಿ! ಕೈಗೆ ಸಿಕ್ಕಿದ ಫಾಸ್ಫೇಟ್ ಬಫರ್‌ನಲ್ಲೇ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಕರಗಿಸಿದ್ದೆ. ಮ್ಯಾಂಗನೀಸ್, ಫಾಸ್ಫೇಟ್ ಜೊತೆ ಸೇರಿದರೆ, ಗಟ್ಟಿಯಾಗಿ ತಳಕ್ಕಿಳಿಯುತ್ತದೆ. ಇಲಿಗೆ ಎಷ್ಟು ಹೋಗಿತ್ತೋ ದೇವರಿಗೇ ಗೊತ್ತು.

ಈಗ ಫಾಸ್ಫೇಟ್ ಇಲ್ಲದ ಬೈಸಿನ್ ಬಫರ್, ಪಿಎಚ್ 7.4. ದ್ರಾವಣ ತಿಳಿಯಾಗಿಯೇ ಇರುತ್ತದೆ. ತೂಕದಲ್ಲೂ ಎಡವಿದ್ದೆ. ನಮ್ಮ ಡಬ್ಬಿಯಲ್ಲಿದ್ದದ್ದು ನಾಲ್ಕು ನೀರಿನ ಅಣು ಸೇರಿದ ಉಪ್ಪು. ಅದರ ಅಣುತೂಕ 197.9, ನಾನು ನೀರಿಲ್ಲದ ಉಪ್ಪಿನ 125.8 ಹಿಡಿದು ಲೆಕ್ಕ ಹಾಕಿದ್ದೆ. ಲೇಬಲ್ ಓದಬೇಕಿತ್ತು, ಅಲ್ವಾ?

ಡೋಸ್ ಬದಲಿಸಲು ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆದೆ. ಒಂದೇ ಸಲ ಸುರಿಯುವ ಬದಲು ಕಿಲೋಗೆ 30 ಮಿಲಿಗ್ರಾಂ, 48 ಗಂಟೆಗೊಮ್ಮೆ, ಆರು ಸಲ. 300 ಗ್ರಾಂ ಇಲಿಗೆ ಸಲಕ್ಕೆ 9 ಮಿಲಿಗ್ರಾಂ. ಮ್ಯಾಂಗನೀಸ್, ಕ್ಯಾಲ್ಸಿಯಂ ಹೋಗುವ ದಾರಿಗಳಲ್ಲೇ ನರಕೋಶದೊಳಗೆ ನುಸುಳುತ್ತದೆ, ಟಿ1 (ಸ್ಕ್ಯಾನರ್ ಕದಲಿಸಿದ ಪ್ರೋಟಾನ್‌ಗಳು ಮೊದಲಿನ ಸ್ಥಿತಿಗೆ ಮರಳುವ ಸಮಯ) ಕಡಿಮೆ ಮಾಡುತ್ತದೆ, ಅಲ್ಲಿ ಚಿತ್ರ ಬೆಳಗುತ್ತದೆ. ಆದರೆ ಜಾಸ್ತಿಯಾದರೆ ಅದೇ ವಿಷ.

ಕೊನೆಯ ಡೋಸ್ ಆಗಿ 24 ಗಂಟೆಗೆ ಸ್ಕ್ಯಾನ್. ವಾಸನೆ ಗ್ರಹಿಸುವ ಮೆದುಳಿನ ಭಾಗವಾದ ಘ್ರಾಣ ಗೆಡ್ಡೆಯ ಪದರಗಳು ಈರುಳ್ಳಿ ಕೊಯ್ದಂತೆ ಕಂಡವು. ಇಲಿ ಬೋನಿಗೆ ಮರಳಿ ಆಹಾರ ಕಡಿಯುತ್ತಾ ಕೂತಿತ್ತು.