ಮಂಡಕ್ಕಿ ಭಟ್ಟಿಯ ಬೋಲ್ಟಿಗೆ ತುಕ್ಕು: ನಿಂತಿದ್ದು ಹೀಗೆ

ದಾವಣಗೆರೆಯ ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಯಂತ್ರದ ಬೋಲ್ಟುಗಳಿಗೆ ಪದೇ ಪದೇ ತುಕ್ಕು. ಅಕ್ಕಿಗೆ ಉಪ್ಪುನೀರು ಹಾಕುತ್ತೇವಲ್ವಾ, ಅದು ಸಿಡಿದಲ್ಲೆಲ್ಲ ಮೊದಲು ಬಿಳಿ ಪುಡಿ, ಆಮೇಲೆ ಕೆಂಪು. ಬಿಳಿ ಪುಡಿ ಬಂತು ಅಂದರೆ ಸತುವಿನ ಲೇಪನ ಸವೆಯುತ್ತಿದೆ ಅಂತ. ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ, ಆದರೆ ಉಪ್ಪಿನ ಮುಂದೆ ಬರೀ ಸತು ಬೇಗ ಮುಗಿದುಹೋಗುತ್ತದೆ.

ಅದಕ್ಕೇ 12ರಿಂದ 15% ನಿಕಲ್ ಇರುವ ಸತು-ನಿಕಲ್ ಪ್ಲೇಟಿಂಗ್ ಮಾಡಿಸಿದೆ. ಖರ್ಚು ಜಾಸ್ತಿ, ಆದರೆ ಸವೆತ ತುಂಬಾ ನಿಧಾನ, ಗೀರು ಬಿದ್ದರೂ ಉಕ್ಕಿಗಿಂತ ಮೊದಲು ಲೇಪನವೇ ಸವೆಯುತ್ತದೆ. 12.9 ಗ್ರೇಡಿನ ಗಟ್ಟಿ ಬೋಲ್ಟಾದರೆ ಪ್ಲೇಟಿಂಗ್ ಆದ ಕೆಲವೇ ಗಂಟೆಯೊಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಓವನ್‌ಗೆ ಹಾಕಿಸಲೇಬೇಕು, ಇಲ್ಲದಿದ್ದರೆ ಪ್ಲೇಟಿಂಗ್ ಮಾಡುವಾಗ ಉಕ್ಕಿನೊಳಗೆ ಸೇರಿದ ಹೈಡ್ರೋಜನ್‌ನಿಂದ ಬಿಗಿ ಮಾಡಿದ ಮೇಲೆ ಪಟ್ಟನೆ ಮುರಿಯಬಹುದು. ಮಳೆಗಾಲ ಕಳೆದರೂ ನಮ್ಮ ಬೋಲ್ಟುಗಳಲ್ಲಿ ಕೆಂಪು ಕಂಡಿಲ್ಲ.