‘ಹ್ಯಾಂಡ್’ ಕೇಳಿದರೆ ಗಾಬರಿ ಆಗಬ್ಯಾಡ್ರಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ ಬ್ಯಾಂಕ್ ಖಾತೆ, ಮನೆ ಬಾಡಿಗೆ ಕಾಗದಪತ್ರ ಹೇಗೋ ಮುಗಿದುಹೋಗುತ್ತವೆ. ತಡವಾಗಿ ಕೈಹತ್ತುವುದು ಮಾತು. ಇಂಗ್ಲಿಷ್ ಬಾರದ್ದಕ್ಕಲ್ಲ, ಕನ್ನಡದ ನುಡಿಗಟ್ಟು ಒಳಗೆ ಕುಳಿತಿರುವುದಕ್ಕೆ.

ಮೊದಲು ಎಡವಿಸುವುದು ಕೈ, ಕಣ್ಣು, ತಲೆ. ನಮ್ಮಲ್ಲಿ ‘ಕೈ ಕೊಟ್ಟ’ ಅಂದರೆ ನಡುನೀರಲ್ಲಿ ಬಿಟ್ಟುಹೋದ ಅಂತ. ಅಲ್ಲಿ ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸ್ವಲ್ಪ ಸಹಾಯ ಮಾಡ್ರಿ ಅಂತ. ಟೇಬಲ್ಲಿನ ಇನ್ನೊಂದು ತುದಿ ಹಿಡಿಯಬೇಕು, ಅಷ್ಟೇ. ಕೂಸಿಗೆ ಯಾರಾದರೂ ಕಣ್ಣು ಹಾಕಿದರೆ ನಾವು ದೃಷ್ಟಿ ತೆಗೆಯುತ್ತೇವೆ. ಅಲ್ಲಿ ‘ಕೀಪ್ ಆ್ಯನ್ ಐ ಆನ್ ಹರ್’ ಅಂದರೆ ಕೂಸನ್ನು ನೋಡಿಕೊಂಡಿರಿ ಎಂಬ ವಿನಂತಿ. ‘ತಲಿ ತಿನ್ನಬ್ಯಾಡ’ ಅನ್ನುವುದನ್ನು ಹಾಗೇ ಇಂಗ್ಲಿಷಿಗೆ ಇಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ‘ಸ್ಟಾಪ್ ಬಗಿಂಗ್ ಮಿ’ ಅನ್ನಬೇಕು, ಅದೂ ಸಲಿಗೆ ಇದ್ದವರ ಹತ್ತಿರ ಮಾತ್ರ.

ಆಫೀಸಿನಲ್ಲಿ ಕಾಡುವುದು ಊರಿನಿಂದ ಕಟ್ಟಿಕೊಂಡು ಬಂದ ಇಂಗ್ಲಿಷ್. ‘ಐ ಪಾಸ್ಡ್ ಔಟ್ ಇನ್ 2015’ ಅಂದರೆ ಮೂರ್ಛೆ ಹೋಗಿದ್ದಿರಿ ಅಂತ ತಿಳಿಯುತ್ತಾರೆ, ‘ಗ್ರ್ಯಾಜುಯೇಟೆಡ್’ ಅನ್ನಿ. ಮೀಟಿಂಗಿನಲ್ಲಿ ‘ಐ ಹ್ಯಾವ್ ಎ ಡೌಟ್’ ಅಂದರೆ ಎದುರಿನವರ ಮಾತನ್ನು ನೀವು ನಂಬಿಲ್ಲ ಅಂತಾಗುತ್ತದೆ. ‘ಕ್ವೆಶ್ಚನ್’ ಇದೆ ಅನ್ನಿ. ‘ಹಾಫ್ ಸೆವೆನ್’ ಎಂದರೆ 7.30. ‘ಲೆಟ್ಸ್ ಟೇಬಲ್ ಇಟ್’ ಅಂತ ಬ್ರಿಟಿಷರು ಅಂದರೆ ವಿಷಯ ಚರ್ಚೆಗೆ ಬರುತ್ತದೆ, ಅಮೆರಿಕದವರು ಅಂದರೆ ಮುಂದಕ್ಕೆ ಹೋಗುತ್ತದೆ. ಎರಡೂ ದೇಶದವರು ಇದ್ದ ಮೀಟಿಂಗಿನಲ್ಲಿ ಬಿಡಿಸಿ ಕೇಳಿ.

‘ಯು ಆಲ್‌ರೈಟ್?’ ಅನ್ನುವುದು ನಮ್ಮ ‘ಊಟಾತೇನ್ರಿ?’ ಇದ್ದಂಗ. ಮೊಣಕಾಲು ನೋವಿನ ಕಥೆ ಬೇಡ. ‘ಯಾ, ಯು?’ ಅಂದು ಮುಂದೆ ನಡೆಯಿರಿ. ‘ಯು ಮಸ್ಟ್ ಕಮ್ ಫಾರ್ ಡಿನ್ನರ್’ ಅನ್ನುವುದು ಮಾತ್ರ ಮನಸ್ಸಿಗೆ ಹತ್ತುತ್ತದೆ. ನಮ್ಮ ಕಡೆ ‘ಮನಿಗೆ ಬರ್ರಿ’ ಅಂದವರ ಮನೆಗೆ ಹೇಳದೆ ಹೋದರೂ ಬುಟ್ಟಿಯಲ್ಲಿ ಎರಡು ರೊಟ್ಟಿ ಇದ್ದೇ ಇರುತ್ತವೆ. ಅಲ್ಲಿ ವಾರ, ಹೊತ್ತು ಹೇಳುವತನಕ ಅದು ಸೌಜನ್ಯದ ಮಾತು. ಅವರದು ಸುಳ್ಳಲ್ಲ. ಆದರೂ ಮೊದಲ ವರ್ಷ ಹಾದಿ ಕಾಯುತ್ತ ಕೂತವರಿಗೆ ಆ ಸಂಕಟ ಗೊತ್ತು.

ಮಕ್ಕಳಿಗೆ ಈ ತೊಡಕಿಲ್ಲ. ಶಾಲೆಯಿಂದ ಬಂದು ‘ಒನ್ಸ್ ಇನ್ ಎ ಬ್ಲೂ ಮೂನ್’ ಅನ್ನುತ್ತಾರೆ, ಅಪರೂಪಕ್ಕೊಮ್ಮೆ ಅಂತ. ಒಂದೇ ತಿಂಗಳಲ್ಲಿ ಎರಡನೇ ಹುಣ್ಣಿಮೆ ಬಂದರೆ ಅದಕ್ಕೆ ಬ್ಲೂ ಮೂನ್ ಅನ್ನುತ್ತಾರೆ, ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಬರುತ್ತದೆ. ಅದನ್ನು ತಿದ್ದಬೇಡಿ, ಪಕ್ಕಕ್ಕೆ ನಮ್ಮದನ್ನೂ ಇಡಿ: ‘ಹುಣ್ಣಿವಿಗೊಮ್ಮೆ ಅಮಾಸಿಗೊಮ್ಮೆ’. ಅಮಾಸಿ ಅಂದ್ರೇನು ಅಂತ ಕೂಸು ಕೇಳುತ್ತದೆ. ಆಗ ಎಳ್ಳ ಅಮಾಸಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಜೋಳದ ಬೆಳೆಯ ನಡುವೆ ಚರಗ, ಅಂದರೆ ಭೂತಾಯಿಗೆ ನೈವೇದ್ಯ, ಚೆಲ್ಲುವುದನ್ನೂ ಹೇಳಿ.