ಕೋಲಾರದ ಉಪ್ಪು ನೀರು, ಸಾಗರದ ಬಾವಿ ನೀರು ಮತ್ತು ನನ್ನ ಸಿಪ್ಯಾಪ್ ಟಬ್

ನಾಲ್ಕು ವರ್ಷದಿಂದ ನಾನು ಮೂಗಿಗೆ ಮಾಸ್ಕ್ ಹಾಕಿಕೊಂಡೇ ಮಲಗುತ್ತೇನೆ. ಅದಕ್ಕೂ ಮುಂಚೆ ನನ್ನ ಗೊರಕೆ ಮನೆಯವರಿಗೆಲ್ಲ ತಮಾಷೆಯಾಗಿತ್ತು. ಒಂದು ರಾತ್ರಿ ಹೆಂಡತಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. "ರೀ, ನಿಮ್ಮ ಉಸಿರೇ ನಿಂತುಹೋಗಿತ್ತು" ಅಂತ ಅತ್ತೇಬಿಟ್ಟಳು. ಸ್ಲೀಪ್ ಸ್ಟಡಿ ಮಾಡಿಸಿದೆವು. ಗಂಟೆಗೆ 42 ಸಲ ಉಸಿರು ನಿಲ್ಲುತ್ತಿದೆ ಇಲ್ಲವೇ ತೀರಾ ತಗ್ಗುತ್ತಿದೆ ಎಂದು ರಿಪೋರ್ಟ್ ಬಂತು. 30 ದಾಟಿದರೇ ತೀವ್ರ ಅಂತ ಲೆಕ್ಕ. ಮುಂದಿನ ವಾರವೇ, ಮಾಸ್ಕ್ ಮೂಲಕ ಒತ್ತಡದ ಗಾಳಿ ಬಿಟ್ಟು ಉಸಿರಿನ ದಾರಿ ಮುಚ್ಚದಂತೆ ನೋಡಿಕೊಳ್ಳುವ ಸಿಪ್ಯಾಪ್ ಮೆಷಿನ್ ಮನೆಗೆ ಬಂತು.

ಮೆಷಿನ್‌ಗೆ ಒಗ್ಗಿಕೊಳ್ಳುವುದು ಹದಿನೈದು ದಿನದ ಮಾತು. ನನ್ನನ್ನು ನಿಜವಾಗಿ ಕಾಡಿದ್ದು ಅದರ ನೀರಿನ ಟಬ್.

ಇದು ಸುಮಾರು 380 ಮಿಲಿ ನೀರು ಹಿಡಿಯುವ ಪ್ಲಾಸ್ಟಿಕ್ ಡಬ್ಬಿ. ತಳಕ್ಕೆ ಲೋಹದ ತಗಡು, ಅದರ ಕೆಳಗೆ ಹೀಟರ್. ನೀರು ಕುದಿಯುವುದಿಲ್ಲ, ಬೆಚ್ಚಗಾಗುತ್ತದೆ ಅಷ್ಟೇ. ಗಾಳಿ ಆ ನೀರಿನ ಮೇಲೆ ಹಾದು, ತೇವ ಹೊತ್ತುಕೊಂಡು ಮೂಗಿಗೆ ಬರುತ್ತದೆ. ಇದಿಲ್ಲದೆ ಮಲಗಿದರೆ ಬೆಳಿಗ್ಗೆ ಗಂಟಲು ಹಪ್ಪಳವಾಗಿರುತ್ತದೆ.

ಮೊದಲ ತಿಂಗಳು ಸುಮ್ನೆ ನಲ್ಲಿ ನೀರನ್ನೇ ತುಂಬಿದೆ. ಕೋಲಾರದ ನಮ್ಮ ಮನೆಗೆ ಬರುವುದು ಬೋರ್ ನೀರು. ಉಪ್ಪು ನೀರು ಅಂತೀವಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಲೀಟರಿಗೆ 1040 ಮಿಲಿಗ್ರಾಂ ತೋರಿಸುತ್ತದೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಮಿತಿ 500. ಬೇರೆ ನೀರೇ ಇಲ್ಲದ ಕಡೆ 2000ದ ತನಕ ನಡೆಯುತ್ತದೆ. ಮೂರನೇ ವಾರಕ್ಕೆ ಟಬ್‌ನ ತಳದಲ್ಲಿ ಬೆಳ್ಳಗೆ ಸುಣ್ಣ ಕಟ್ಟಿತು. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಗಡಸು ನೀರಿನ ಪಾಠವನ್ನು ಹದಿನೆಂಟು ವರ್ಷ ಮಾಡಿದ್ದೇನೆ. ಆವಿಯಾಗಿ ಹೋಗುವುದು ನೀರು ಮಾತ್ರ, ಲವಣ ಪಾತ್ರೆಯಲ್ಲೇ ಉಳಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದವನು ನಾನೇ. ಮನೆಯಲ್ಲಿ ಮಾತ್ರ ಅದು ನೆನಪಾಗಲಿಲ್ಲ.

ಆ ಬಿಳಿ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ ಅಂತ ಹೆದರಬೇಕಿಲ್ಲ. ಅದು ಟಬ್‌ನಲ್ಲೇ ಕೂರುತ್ತದೆ. ತೊಂದರೆ ಬೇರೆ ಇದೆ. ತಗಡಿನ ಮೇಲೆ ಸುಣ್ಣ ದಪ್ಪಗಾದಷ್ಟೂ ನೀರು ಸರಿಯಾಗಿ ಬೆಚ್ಚಗಾಗುವುದಿಲ್ಲ. ಆ ಒರಟು ಪದರದ ಸಂದಿಯಲ್ಲಿ ಲೋಳೆ ಅಂಟಿಕೊಳ್ಳುತ್ತದೆ. ಅದನ್ನು ಕೀಳಲು ನಾನು ಪಾತ್ರೆ ಉಜ್ಜುವ ಹಸಿರು ಸ್ಕಾಚ್ ಬ್ರೈಟ್ ಹಿಡಿದು ತಿಕ್ಕಿದೆ. ಸುಣ್ಣ ಹೋಯಿತು, ಟಬ್ ತುಂಬ ಗೀರು ಬಿತ್ತು. ಈಗ ಆ ಗೀರುಗಳಲ್ಲೂ ಲೋಳೆ ಕೂರಲು ಜಾಗ! ಆರೇ ತಿಂಗಳಿಗೆ ಹೊಸ ಟಬ್ ತರಬೇಕಾಯಿತು.

ಸುಣ್ಣಕ್ಕೆ ಉಜ್ಜುವುದು ಬೇಡವೇ ಬೇಡ, ಹುಳಿ ಸಾಕು. ಒಂದು ಪಾಲು ಅಂಗಡಿಯ ಬಿಳಿ ವಿನೆಗರ್, ಒಂಬತ್ತು ಪಾಲು ನೀರು. ಅರ್ಧ ಗಂಟೆ ಬಿಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಅದು ಸುಣ್ಣ ಕರಗುವಾಗ ಬರುವ ಕಾರ್ಬನ್ ಡೈಆಕ್ಸೈಡ್. ಹಿತ್ತಾಳೆ ದೀಪಕ್ಕೆ ಹಚ್ಚುವ ಹಾಗೆ ಹುಣಸೆಹಣ್ಣು ಹಚ್ಚಿ ನೋಡೋಣ ಎಂದಳು ಹೆಂಡತಿ. ಐಡಿಯಾ ತಪ್ಪಲ್ಲ, ಅದೂ ಹುಳಿಯೇ. ಆದರೆ ಅದರ ನಾರು, ಕಂದು ಬಣ್ಣ ಮೂಲೆಯಲ್ಲಿ ಉಳಿದರೆ ಮತ್ತೊಂದು ರಗಳೆ.

ಆಮೇಲೆ ನೀರಿನ ಹುಡುಕಾಟ. ಕೈಪಿಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಅಂತಲೇ ಇದೆ. ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನ್ ಸಿಕ್ಕಿತು. ಮನೆಗೆ ತಂದು ಲೇಬಲ್ ಓದಿದರೆ, ಬ್ಯಾಟರಿಗೆ ಮಾತ್ರ ಎಂದು ಬರೆದಿತ್ತು. ಲವಣ ತೆಗೆದಿರಬಹುದು, ಆದರೆ ಮೂಗಿಗೆ ಹೋಗುವ ಗಾಳಿಗೆಂದು ಮಾಡಿದ ನೀರಲ್ಲ ಅದು. ಇನ್ವರ್ಟರ್‌ಗೆ ಹಾಕಿಬಿಟ್ಟೆ. ಕಾಲೇಜಿನ ಲ್ಯಾಬಿನಲ್ಲಿ ಡಿಸ್ಟಿಲೇಷನ್ ಘಟಕವೇ ಇದೆ, ಆದರೆ ಸರ್ಕಾರದ ಕರೆಂಟಿನಲ್ಲಿ ನನ್ನ ಗೊರಕೆ ವಾಸಿ ಮಾಡಿಕೊಳ್ಳಲು ಮನಸ್ಸಾಗಲಿಲ್ಲ. ಈಗ ಮೆಡಿಕಲ್ ಸ್ಟೋರಿನವರಿಗೆ ಹೇಳಿ ಡಿಸ್ಟಿಲ್ಡ್ ವಾಟರ್ ತರಿಸುತ್ತೇನೆ. ಅದು ಇಲ್ಲದ ದಿನ ಆರ್‌ಒ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿ ಆರಿಸಿ ಹಾಕುತ್ತೇನೆ. ನಮ್ಮ ಆರ್‌ಒ ನೀರಿನ ಟಿಡಿಎಸ್ 70. ಬೋರ್ ನೀರನ್ನೇ ಕುದಿಸಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಕುದಿಸಿದರೆ ಕ್ರಿಮಿ ಸಾಯುತ್ತವೆ. ಒಂದಿಷ್ಟು ಸುಣ್ಣ ತಳಕ್ಕೆ ಇಳಿಯುತ್ತದೆ. ಮಿಕ್ಕ ಲವಣ ಎಲ್ಲಿಗೂ ಹೋಗುವುದಿಲ್ಲ, ನೀರು ಕಡಿಮೆಯಾದಷ್ಟೂ ಅದು ಜಾಸ್ತಿಯಾಗುತ್ತದೆ.

ಇಲ್ಲಿಗೆ ಎಲ್ಲ ಗೆದ್ದೆ ಎಂದುಕೊಂಡಿದ್ದೆ. ಆಷಾಢದಲ್ಲಿ ಮಲೆನಾಡಿನ ಸಾಗರ ಊರಿನ ಹತ್ತಿರ ಅತ್ತೆ ಮನೆಗೆ ಹೋದೆವು. ಅಲ್ಲಿಯ ಬಾವಿ ನೀರು ಎಷ್ಟು ಸಿಹಿ ಅಂದರೆ ಮೀಟರ್ ತೋರಿಸಿದ್ದು ಬರೀ 55. ನಮ್ಮ ಆರ್‌ಒ ನೀರಿಗಿಂತ ಕಡಿಮೆ! ಖುಷಿಯಾಗಿ ಬಾವಿಯಿಂದ ಸೇದಿದ್ದನ್ನೇ ತುಂಬಿದೆ. ಸುಣ್ಣದ ಸುಳಿವಿಲ್ಲ. ಐದನೇ ದಿನ ಮಾಸ್ಕ್ ಹಾಕಿಕೊಂಡರೆ ಮುಗ್ಗಲು ವಾಸನೆ. ಟಬ್‌ಗೆ ಬೆರಳು ಹಾಕಿದರೆ ಜಾರುತ್ತಿದೆ. ಮುಚ್ಚಳದ ರಬ್ಬರ್ ಎತ್ತಿ ನೋಡಿದರೆ ಬಚ್ಚಲಿನ ಬಕೆಟ್ ಮೂಲೆಯಲ್ಲಿ ಕಟ್ಟುತ್ತದಲ್ಲ, ಆ ತರಹದ ಗುಲಾಬಿ ಬಣ್ಣದ ಲೋಳೆ. ಜೊತೆಗೆ ಎರಡು ಕಪ್ಪು ಚುಕ್ಕೆ ಬೂಷ್ಟು.

ಆಗ ಗೊತ್ತಾಯಿತು, ನಾನು ಎರಡು ಬೇರೆ ಬೇರೆ ಕೊಳೆಯನ್ನು ಒಂದೇ ಎಂದುಕೊಂಡಿದ್ದೆ. ಸುಣ್ಣ ಬರುವುದು ನೀರಿನಿಂದ. ಲೋಳೆ ಬರುವುದು ತೇವದಿಂದ. ಟಿಡಿಎಸ್ ಮೀಟರ್ ಲವಣವನ್ನು ಅಳೆಯುತ್ತದೆ, ಕ್ರಿಮಿಯನ್ನಲ್ಲ. ಎಂಥ ನೀರು ಹಾಕಿದರೂ ರಾತ್ರಿ ಉಳಿದ ನೀರಿಗೇ ಮರುದಿನ ಮತ್ತಷ್ಟು ಸೇರಿಸುತ್ತಾ ಹೋದರೆ ಲೋಳೆ ಬಂದೇ ಬರುತ್ತದೆ. ನಾನು ಮಾಡುತ್ತಿದ್ದದ್ದು ಅದನ್ನೇ.

ಅದೇ ಸಲ ನನಗೆ ನೆಗಡಿಯೂ ಹಿಡಿದಿತ್ತು. "ಅಳಿಯಂದ್ರೇ, ಆ ನೀರಿಗೆ ಎರಡು ಹನಿ ನೀಲಗಿರಿ ಎಣ್ಣೆ ಬಿಡಿ, ಮೂಗು ಬಿಡುತ್ತೆ" ಎಂದರು ಅತ್ತೆ. ಬಿಟ್ಟೆ. ಹತ್ತು ನಿಮಿಷಕ್ಕೆ ಗಂಟಲು ಉರಿದು ಎದ್ದು ಕೂತೆ. ಟ್ಯೂಬಿನಲ್ಲಿ ಆ ಘಾಟು ತಿಂಗಳಾದರೂ ಹೋಗಲಿಲ್ಲ. ಟಬ್‌ಗೆ ನೀರು ಬಿಟ್ಟು ಬೇರೇನೂ ಹಾಕಬಾರದು. ಕೈಪಿಡಿಯಲ್ಲೂ ಹಾಗೇ ಇದೆ, ನಾನು ಓದಿದ್ದು ಆಮೇಲೆ. ಅತ್ತೆಯ ತಪ್ಪೇನಿಲ್ಲ ಬಿಡಿ, ಆವಿ ಹಿಡಿಯುವ ಪಾತ್ರೆಗೆ ಅದು ಸರಿಯಾದ ಮದ್ದೇ.

ಈಗ ನನ್ನ ರೂಢಿ ಹೀಗಿದೆ. ಬೆಳಿಗ್ಗೆ ಎದ್ದ ತಕ್ಷಣ ಪ್ಲಗ್ ತೆಗೆದು ಕಾಫಿಗೆ ಹೋಗುತ್ತೇನೆ. ಅಷ್ಟು ಹೊತ್ತಿಗೆ ಹೀಟರ್ ತಗಡು ಆರಿರುತ್ತದೆ. ಉಳಿದ ನೀರು ಕರಿಬೇವಿನ ಗಿಡದ ಬುಡಕ್ಕೆ. ಟಬ್ ತೊಳೆದು, ಕೊಡವಿ, ಬಿಡಿಸಿ ಬೋರಲು ಹಾಕುತ್ತೇನೆ. ಬಿಸಿಲಿಗೆ ಇಡುವುದಿಲ್ಲ, ಪ್ಲಾಸ್ಟಿಕ್ ಹಾಳಾಗುತ್ತದೆ. ಬಾಲ್ಕನಿಯಲ್ಲಿ ಪಾರಿವಾಳದ ಕಾಟ, ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ಹೆಂಡತಿಯ ಕಾಟ. ಹಾಗಾಗಿ ಫ್ಯಾನ್ ಕೆಳಗೆ ಒಂದು ಬುಟ್ಟಿ ಇಟ್ಟುಕೊಂಡಿದ್ದೇನೆ. ಸಂಜೆಯೊಳಗೆ ಅದು ಖಟ್ ಎಂದು ಒಣಗಬೇಕು. ರಾತ್ರಿ ಹೊಸ ನೀರು. ಭಾನುವಾರ ಟಬ್, ಮಾಸ್ಕ್, ಟ್ಯೂಬ್ ಮೂರನ್ನೂ ಉಗುರುಬೆಚ್ಚಗಿನ ನೀರಿನಲ್ಲಿ, ಘಾಟು ವಾಸನೆಯಿಲ್ಲದ ಸೋಪಿನ ನೀರು ನಾಲ್ಕು ಹನಿ ಹಾಕಿ ತೊಳೆಯುತ್ತೇನೆ. ರಬ್ಬರ್ ಸಂದಿಗೆ ಮಕ್ಕಳ ಮೆತ್ತನೆ ಬ್ರಷ್. ಬ್ಲೀಚ್, ಡೆಟಾಲ್ ಹತ್ತಿರಕ್ಕೂ ತರುವುದಿಲ್ಲ. ಕುದಿಯುವ ನೀರೂ ಬೇಡ. ಟ್ಯೂಬನ್ನು ಬಟ್ಟೆ ಒಣಗಿಸುವ ತಂತಿಗೆ, ನೆರಳಿನಲ್ಲಿ, ಎರಡೂ ತುದಿ ಕೆಳಗೆ ಮಾಡಿ ನೇತುಹಾಕುತ್ತೇನೆ.

ಗಾಳಿ ಒಳಗೆ ಹೋಗುವ ಕಡೆಯ ಫಿಲ್ಟರನ್ನು ಆರು ತಿಂಗಳಿಗೆ ಬದಲಾಯಿಸಿ ಅಂತಾರೆ. ನಮ್ಮ ಬೀದಿಯ ಧೂಳಿಗೆ ಎರಡು ತಿಂಗಳಿಗೇ ಅದು ಕಪ್ಪಗಾಗುತ್ತದೆ. ಮಲಗುವ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆ ಬತ್ತಿ ನಿಲ್ಲಿಸಿದ ಮೇಲೆ ಸ್ವಲ್ಪ ಮೇಲು.

ಒಂದು ಸಲ ಕಸ ಗುಡಿಸಲು ಅಡ್ಡ ಆಯಿತೆಂದು ನೀರು ತುಂಬಿದ ಮೆಷಿನ್ನನ್ನು ಹಾಗೇ ಎತ್ತಿ ಮಂಚದ ಮೇಲಿಟ್ಟೆ. ಅದು ವಾಲಿತು, ನೀರು ಮೋಟಾರಿನೊಳಗೆ ಹೋಯಿತು. ರಿಪೇರಿಗೆ ಹನ್ನೊಂದು ದಿನ. ಆ ಹನ್ನೊಂದು ರಾತ್ರಿ ಹೆಂಡತಿ ನಿದ್ದೆ ಮಾಡಲಿಲ್ಲ.

ಅಮೆರಿಕದಲ್ಲಿರುವ ಭಾವಮೈದನ ಮಗ ಓಝೋನ್ ಬಿಡುವ ಡಬ್ಬಿ ಕಳಿಸುತ್ತೇನೆ ಎಂದ. ಬೇಡವೆಂದೆ. ಸಿಪ್ಯಾಪ್ ತೊಳೆಯಲು ಓಝೋನ್ ಅಥವಾ ಯುವಿ (ಅತಿನೇರಳೆ) ಬೆಳಕು ಬಳಸುವ ಯಾವ ಸಾಧನಕ್ಕೂ ಅಲ್ಲಿಯವರೆಗೆ ತಾನು ಅನುಮತಿ ಕೊಟ್ಟಿಲ್ಲ ಎಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಎಚ್ಚರಿಸಿತ್ತು. ಸೋಪಿನ ನೀರಿಗೆ ಆಗುವ ಕೆಲಸಕ್ಕೆ ವಿಷದ ಗಾಳಿ ಯಾಕೆ?

ಸಾಗರಕ್ಕೆ ಹೋಗುವಾಗ ಈಗ ಎರಡು ಟಬ್ ಒಯ್ಯುತ್ತೇನೆ. ಮಳೆಗಾಲದಲ್ಲಿ ಅಲ್ಲಿ ಒಂದೇ ದಿನಕ್ಕೆ ಯಾವುದೂ ಒಣಗುವುದಿಲ್ಲ, ಹಾಗಾಗಿ ದಿನ ಬಿಟ್ಟು ದಿನ ಅದಲು ಬದಲು. ಗಾಳಿಯಲ್ಲೇ ಅಷ್ಟು ತೇವ ಇರುವಾಗ ಮೆಷಿನ್ನಿನ ಹ್ಯೂಮಿಡಿಟಿ (ತೇವ) ಸೆಟ್ಟಿಂಗನ್ನೂ ನಾಲ್ಕರಿಂದ ಒಂದಕ್ಕೆ ಇಳಿಸುತ್ತೇನೆ, ಇಲ್ಲದಿದ್ದರೆ ಟ್ಯೂಬಿನಲ್ಲಿ ನೀರು ಇಳಿದು ಮಧ್ಯರಾತ್ರಿ ಮೂಗಿಗೆ ತೊಟ್ಟಿಕ್ಕುತ್ತದೆ. ಬಾವಿ ನೀರನ್ನು ಅತ್ತೆಯೇ ಕುದಿಸಿ, ಆರಿಸಿ, ಚೊಂಬಿಗೆ ತಟ್ಟೆ ಮುಚ್ಚಿ ಇಡುತ್ತಾರೆ. ಪಕ್ಕದಲ್ಲಿ ನೀಲಗಿರಿ ಎಣ್ಣೆ ಬಾಟಲಿ ಈಗಲೂ ಇರುತ್ತದೆ.